ಮೊದಲ ಸಲಕ್ಕೇ ಹ್ಞೂಂ ಅನ್ನುವ ಊರು

ಹೊರಡುವ ಮುಂಚೆ

ಡೆನ್ಮಾರ್ಕಿಗೆ ಹೋಗಿ ಬಂದೆ ಅಂದರೆ ನಮ್ಮ ಕಡೆಯವರು ಮೊದಲು ಕೇಳುವುದು, "ಅಲ್ಲಿ ಊಟಕ್ಕೆ ಏನು ಸಿಗುತ್ತೆ?" ಅಂತ. ಬೇಕಾದಷ್ಟು ಸಿಗುತ್ತೆ. ಮೊದಮೊದಲು ನಾವು ತಿನ್ನಲಿಲ್ಲ, ಅಷ್ಟೆ. ಯಾಕೆ ತಿನ್ನಲಿಲ್ಲ ಅನ್ನುವುದನ್ನು ಹೇಳಹೊರಟರೆ ಇಡೀ ಪ್ರವಾಸವನ್ನೇ ಹೇಳಬೇಕಾಗುತ್ತದೆ.

ನಾನು ಮಂಡ್ಯದ ಕಾಲೇಜೊಂದರಲ್ಲಿ ಕಾಮರ್ಸ್ ಮೇಷ್ಟ್ರಾಗಿ ನಿವೃತ್ತನಾದವನು. ಮನೆಯಲ್ಲಿ ಸುಮ್ಮನೆ ಕೂರಲಾರದೆ, ಮದ್ದೂರು ಮಳವಳ್ಳಿ ಕಡೆಯ ರೈತರು ಸೇರಿ ಕಟ್ಟಿಕೊಂಡ ಎಳನೀರಿನ ಕಂಪನಿಗೆ ಮುಖ್ಯಸ್ಥನಾದೆ. ತೋಟದಿಂದ ಕಾಯಿ ತರಿಸಿ, ವಿಂಗಡಿಸಿ, ಉತ್ತರದ ಊರುಗಳಿಗೆ ಲಾರಿ ತುಂಬಿಸಿ ಕಳಿಸುವುದು ನಮ್ಮ ಕೆಲಸ. ಈಚೆಗೆ ಕಾಲಿನ ಮಂಡಿ ಕೈಕೊಟ್ಟಿತು. ಯುಗಾದಿ ಕಳೆದ ಮೇಲೆ ಬಿಡುತ್ತೇನೆ ಅಂತ ನಿರ್ದೇಶಕರಿಗೆ ಹೇಳಿದ್ದೆ. ನನ್ನ ಜಾಗಕ್ಕೆ ಸವಿತಾಳೇ ಬರಬೇಕು ಅನ್ನುವುದು ನನ್ನ ಆಸೆ, ಅವರದ್ದೂ ಆಸೆ.

ಸವಿತಾ ಕೊತ್ತತ್ತಿಯ ಹೆಣ್ಣುಮಗಳು. ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ, ಈಗ ಕಂಪನಿಯಲ್ಲಿ ನನ್ನ ನಂತರದವಳು. ಲಾರಿ ಡ್ರೈವರುಗಳು ನನ್ನೆದುರು ಬೀಡಿ ಹಚ್ಚುತ್ತಾರೆ, ಅವಳೆದುರು ಹಚ್ಚಿದ ಬೀಡಿ ಎಸೆಯುತ್ತಾರೆ. ಆದರೆ ಮುಖ್ಯಸ್ಥೆ ಆಗಮ್ಮ ಅಂತ ಯಾವಾಗ ಕೇಳಿದರೂ ಒಂದೇ ಉತ್ತರ, "ಬ್ಯಾಡ ಸಾ, ನನ್ ಕೈಲಿ ಎಲ್ಲಾದದು!"

ಕಂಪನಿಯ ಅಧ್ಯಕ್ಷರು ಮಳವಳ್ಳಿ ಕಡೆಯ ಬೋರೇಗೌಡರು. ಅವರು ಕೊನೆಯ ಮಾತು ಹೇಳಿಬಿಟ್ಟಿದ್ದರು. "ಅವ್ಳು ಒಪ್ನಿಲ್ಲ ಅಂದ್ರೆ ಬೆಂಗ್ಳೂರಿಂದ ಮ್ಯಾನೇಜ್‌ಮೆಂಟು ಓದ್ದೋನ್ನ ತರ್ಬೇಕಾಯ್ತದೆ ಕಣ್ ಮೇಷ್ಟ್ರೇ. ಅವ್ನು ಎಳ್ನೀರ ಸ್ಟ್ರಾ ಆಕ್ಕಂಡ್ ಕುಡ್ದಿರ್ತಾನೆ ಅಷ್ಟೆ. ಮರ ನೋಡಿರಾಕಿಲ್ಲ."

ನನಗೂ ಅದೇ ಭಯ. ಹೊರಗಿನವನು ಬಂದರೆ ರೈತರು ಒಬ್ಬೊಬ್ಬರಾಗಿ ಹಳೇ ದಲ್ಲಾಳಿಗಳ ಕಡೆ ಜಾರಿಕೊಳ್ಳುತ್ತಾರೆ. ಅಷ್ಟರಲ್ಲಿ ಡೆನ್ಮಾರ್ಕಿನ ಒಂದು ಶಾಲೆಯಿಂದ ಕರೆ ಬಂತು. ರೈತರ ಕಂಪನಿ ನಡೆಸುವವರಿಗೆ ನಾಯಕತ್ವದ ತರಬೇತಿ, ಒಂದು ಕಂಪನಿಯಿಂದ ಇಬ್ಬರು. ಸವಿತಾಳನ್ನು ಒಪ್ಪಿಸಿಕೊಂಡೇ ವಾಪಸ್ ವಿಮಾನ ಹತ್ತಬೇಕು ಅಂತ ನಿರ್ಧಾರ ಮಾಡಿಕೊಂಡು ಹೊರಟೆ.

ಕೋಪನ್‌ಹೇಗನ್

ನಮ್ಮ ರೈಲಿಗೆ ಇನ್ನೂ ಹೊತ್ತಿತ್ತು. ಮೂಗು ಇನ್ನೂ ಮುಖದ ಮೇಲೇ ಇದೆಯಾ ಅಂತ ಮುಟ್ಟಿ ನೋಡಿಕೊಳ್ಳುವಂಥ ಚಳಿ. ನಿಲ್ದಾಣದ ಎದುರಿನ ಬೀದಿಯಲ್ಲಿ ಒಂದು ಕಾಫಿ ಅಂಗಡಿ. ಅದರ ಬಾಗಿಲ ಹೊರಗೆ ಮಗು ಮಲಗಿಸುವ ತಳ್ಳುಗಾಡಿ. ಒಳಗೆ ನಿಜವಾದ ಮಗು, ಕೆಂಪಗೆ, ಗೊರಕೆ ಹೊಡೆಯುತ್ತಿತ್ತು. ಸುತ್ತಮುತ್ತ ಯಾರೂ ಇಲ್ಲ.

"ಸಾ, ಯಾರೋ ಮಗ ಮರ್ತೋಗವ್ರೆ!" ಅಂದಳು ಸವಿತಾ. ಗಾಡಿಯ ಪಕ್ಕ ಕಾವಲು ನಿಂತೇಬಿಟ್ಟಳು. ನಾನೂ ನಿಂತೆ. ಹೋಗಿಬರುವವರು ಮಗುವನ್ನು ನೋಡಲಿಲ್ಲ, ನಮ್ಮನ್ನೇ ನೋಡಿದರು. ಮಂಕಿ ಕ್ಯಾಪು ಹಾಕಿಕೊಂಡ ಮುದುಕ, ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡ ಹೆಂಗಸು, ಮಧ್ಯೆ ಯಾರದೋ ಮಗು. ಪೊಲೀಸರು ಬಂದರೆ ಯಾವ ಭಾಷೆಯಲ್ಲಿ ಏನು ಹೇಳುವುದು ಅಂತ ನಾನು ಯೋಚಿಸುತ್ತಿರುವಾಗಲೇ ತಾಯಿ ಹೊರಗೆ ಬಂದಳು, ಆರಾಮಾಗಿ ತುಟಿ ಒರೆಸಿಕೊಳ್ಳುತ್ತಾ. ಇಲ್ಲಿ ಎಲ್ಲರೂ ಮಕ್ಕಳನ್ನು ಹೀಗೇ ಹೊರಗೆ ಮಲಗಿಸುತ್ತಾರಂತೆ, ಚಳಿಗಾಳಿಯಲ್ಲಿ ಒಳ್ಳೇ ನಿದ್ದೆ ಬರುತ್ತದಂತೆ. ನಮ್ಮ ಮನೆಗಳಲ್ಲಿ ಕಿಟಕಿ ಸಂದಿಗೆ ಬಟ್ಟೆ ತುರುಕಿ, ಮಗುವಿಗೆ ಕುಲಾವಿ ಕಟ್ಟಿ, ಸಾಲದು ಅಂತ ಸಾಂಬ್ರಾಣಿ ಹೊಗೆ ಹಾಕುವ ಅಜ್ಜಿಯರು ಇದನ್ನು ಕೇಳಿದರೆ ಎದೆಯೊಡೆದುಕೊಳ್ಳುತ್ತಾರೆ.

ಆ ತಾಯಿಗೆ ನಾವು ಕಾವಲು ನಿಂತದ್ದು ತುಂಬಾ ಹಿಡಿಸಿತು. "ನಿಮಗೆ ಕಾಫಿ ಕೊಡಿಸಲಾ?" ಅಂದಳು. ಸವಿತಾ ನಾಚಿಕೊಂಡು ಬೇಡ ಬೇಡ ಅಂದಳು. ಆ ತಾಯಿ ನಕ್ಕು, ಕೈ ಬೀಸಿ, ಗಾಡಿ ತಳ್ಳಿಕೊಂಡು ಹೊರಟುಹೋದಳು.

ಸವಿತಾ ಅವಳು ಹೋದ ದಿಕ್ಕನ್ನೇ ನೋಡುತ್ತಾ, "ಒಂದೇ ಸಲ ಕೇಳ್ಬುಟ್ಟು ಒಂಟೋದ್ಲಲ್ಲ ಸಾ!" ಅಂದಳು. ನನ್ನ ಬಾಯಲ್ಲೂ ನೀರೂರಿತ್ತು. ಕಾಫಿಯ ವಾಸನೆ ಹಿಡಿದುಕೊಂಡೇ ರೈಲು ಹತ್ತಿದೆವು.

ಶಾಲೆಯಲ್ಲಿ ಮೊದಲ ಊಟ

ಶಾಲೆ ಅಂದರೆ ಮಕ್ಕಳದ್ದಲ್ಲ. ದೊಡ್ಡವರು ಬಂದು, ಅಲ್ಲೇ ಉಳಿದು, ಉಂಡು, ಕಲಿತು ಹೋಗುವ ಜಾಗ. ಕಡಲ ಪಕ್ಕದ ಹಳ್ಳಿಯಲ್ಲಿತ್ತು. ಬೆಳಗ್ಗೆ ಪಾಠಕ್ಕೆ ಮುಂಚೆ ಎಲ್ಲರೂ ಕೂತು ಹಾಡಬೇಕು. ರಾಗ ಬರಲಿ ಬಿಡಲಿ, ದೊಡ್ಡ ದೊಡ್ಡ ಕಂಪನಿ ನಡೆಸುವವರೂ ಬಾಯಿ ತೆಗೆಯಲೇಬೇಕು. ಎರಡನೇ ದಿನ ಸವಿತಾಳಿಂದಲೂ ಹಾಡಿಸಿದರು. ಅವಳು ಸೋಬಾನೆ ಪದ ಎತ್ತಿಕೊಂಡಳು. ಅದು ಮುಗಿಯುವ ಪದವಲ್ಲ ಅಂತ ಅವರಿಗೇನು ಗೊತ್ತು, ಪಾಪ. ಪಾಠ ತಡವಾಗಿ ಶುರುವಾಯಿತು.

ನಮ್ಮ ಗುರುಗಳ ಹೆಸರು ಕಿರ್ಸ್ಟನ್. ಆ ಸೀಮೆಯ ಹಾಲಿನ ಸಹಕಾರ ಸಂಘಕ್ಕೆ ಮುಖ್ಯಸ್ಥೆಯಾಗಿದ್ದು ಬಿಟ್ಟವರು, ನನ್ನದೇ ವಯಸ್ಸು. ಎಲ್ಲರೂ ಅವರನ್ನು ಬರೀ ಹೆಸರು ಹಿಡಿದು ಕೂಗುತ್ತಿದ್ದರು. ನನಗೆ ನಾಲಿಗೆ ಹೊರಳದೆ ಕೊನೆಯತನಕ "ಕಿರ್ಸ್ಟನ್ ಮೇಡಂ" ಅಂತಲೇ ಕರೆದೆ.

ಮೊದಲ ದಿನ ಮಧ್ಯಾಹ್ನದ ಊಟಕ್ಕೆ ಉದ್ದನೆಯ ಮೇಜು. ಬಟ್ಟಲುಗಳು ಕೈಯಿಂದ ಕೈಗೆ ಬರುತ್ತವೆ. ಮಾಂಸದ ಬಟ್ಟಲು ಬಂತು. ಒಂದೇ ತುಂಡು ಹಾಕಿಕೊಂಡೆ. ಪಕ್ಕದವರು "ಇನ್ನೂ?" ಅಂದರು. ಬೇಡ ಅಂದೆ. ಬಟ್ಟಲು ಮುಂದೆ ಹೋಯಿತು. ಹೋದದ್ದು ಹೋಯಿತು, ಆ ಮೇಜಿನ ತುದಿ ಮುಟ್ಟಿ ಖಾಲಿಯಾಗಿ ಅಡುಗೆಮನೆಗೇ ಹೋಯಿತು. ಆಲೂಗಡ್ಡೆಯೂ ಹಾಗೇ ಹೋಯಿತು. ಸವಿತಾ ಎದುರಿಗೆ ಕೂತು ಕಣ್ಣಲ್ಲೇ ಆ ಬಟ್ಟಲನ್ನು ಬೀಳ್ಕೊಡುತ್ತಿದ್ದಳು. ಅವಳ ತಟ್ಟೆಯಲ್ಲೂ ಒಂದೇ ತುಂಡು.

ನಮ್ಮ ಕಡೆ ಬಾಡೂಟದ ಪಂಕ್ತಿಯನ್ನು ನೆನೆಸಿಕೊಳ್ಳಿ. ಎಲೆಗೆ ಅಡ್ಡ ಕೈ ಇಟ್ಟು, "ಸಾಕು ಸಾಕು, ಬ್ಯಾಡಿ" ಅನ್ನುತ್ತೀವಿ. ಬಡಿಸುವವನು ಬೆರಳ ಸಂದಿಯಲ್ಲೇ ಸುರಿದು ಹೋಗುತ್ತಾನೆ. ಸುರಿಯದೆ ಹೋದರೆ ಆ ಮನೆಯವರ ಮೇಲೆ ಒಂದು ವರ್ಷ ಮುನಿಸು. ನಮ್ಮಲ್ಲಿ ಮೊದಲ 'ಬೇಡ' ಬರೀ ಮರ್ಯಾದೆ. ಅದನ್ನು ನಂಬಿಬಿಡುವವನು ಒಂದೋ ಜಿಪುಣ, ಇಲ್ಲವೇ ಪರದೇಶದವನು. ಇಲ್ಲಿ ಇವರೆಲ್ಲರೂ ಪರದೇಶದವರೇ.

ಆ ಮಧ್ಯಾಹ್ನದ ಪಾಠದಲ್ಲಿ ಎಲ್ಲರೂ ಕಣ್ಣುಮುಚ್ಚಿ ಮೌನವಾಗಿ ಯೋಚಿಸಬೇಕಿತ್ತು. ನನ್ನ ಹೊಟ್ಟೆ ಮಾತ್ರ ಸುಮ್ಮನಿರಲಿಲ್ಲ. ಕಿರ್ಸ್ಟನ್ ಪಾಠ ನಿಲ್ಲಿಸಿ ಕಾರಣ ಕೇಳಿದರು. ನಾಚಿಕೆ ಬಿಟ್ಟು ನಮ್ಮ ಪದ್ಧತಿಯನ್ನು ವಿವರಿಸಿದೆ. ಎಲ್ಲರೂ ನಕ್ಕರು. ಕೀನ್ಯಾದಿಂದ ಬಂದಿದ್ದ ಟೀ ಬೆಳೆಗಾರರ ಪ್ರತಿನಿಧಿ ಮಾತ್ರ ನಗದೆ ಗಂಭೀರವಾಗಿ ತಲೆಯಾಡಿಸಿದ. ಅವನೂ ಉಪವಾಸವಿದ್ದ ಅಂತ ಆಮೇಲೆ ಗೊತ್ತಾಯಿತು.

"ಹಾಗಾದರೆ ನಿಮ್ಮಲ್ಲಿ ಯಾರಿಗೆ ಏನು ಬೇಕು ಅಂತ ತಿಳಿಯುವುದು ಹೇಗೆ?" ಅಂತ ಕಿರ್ಸ್ಟನ್ ಕೇಳಿದರು.

"ಮುಖ ನೋಡಿದರೆ ಗೊತ್ತಾಗುತ್ತೆ ಮೇಡಂ" ಅಂದೆ, ಸ್ವಲ್ಪ ಜಂಬದಿಂದಲೇ. ಅವರು ಅಡುಗೆಮನೆಗೆ ಹೋಗಿ ನಮಗೆ ಬ್ರೆಡ್ಡು, ಬೆಣ್ಣೆ, ಚೀಸು ತಂದಿಟ್ಟರು. ಈ ಸಲ ಯಾರೂ ಬೇಡ ಅನ್ನಲಿಲ್ಲ.

ಕರಿ ಮಿಠಾಯಿ

ಮೂವತ್ತು ವರ್ಷ ನಾನು ತರಗತಿಯಲ್ಲಿ 'ನಾಯಕನ ಗುಣಗಳು' ಅಂತ ನೋಟ್ಸ್ ಬರೆಸಿದವನು. ದೂರದೃಷ್ಟಿ, ಧೈರ್ಯ, ನಿರ್ಧಾರ ಶಕ್ತಿ, ಹೀಗೆ. ಇಲ್ಲಿ ಬರೆಸುವುದೇನೂ ಇಲ್ಲ, ಎಲ್ಲವನ್ನೂ ಮಾಡಿಸುತ್ತಾರೆ. ಒಂದು ದಿನದ ಪಾಠ ಹೀಗಿತ್ತು: ಮುಖ್ಯಸ್ಥರು ಗೋಡೆ ಪಕ್ಕ ಬಾಯಿ ಮುಚ್ಚಿಕೊಂಡು ಕೂರಬೇಕು, ಅವರ ಜೊತೆಗೆ ಬಂದವರು ಸಭೆ ನಡೆಸಬೇಕು. ಮಾತಾಡದಂತೆ ಇರಲಿ ಅಂತ ನಮ್ಮೆಲ್ಲರ ಬಾಯಿಗೂ ಒಂದೊಂದು ಕರಿ ಮಿಠಾಯಿ ಕೊಟ್ಟರು. ಮಿಠಾಯಿಗೆ ಉಪ್ಪು ಹಾಕುವ ಜನರನ್ನು ನಾನು ನೋಡಿದ್ದು ಅಲ್ಲೇ. ಅವರಿಗೆ ಅದು ಪ್ರಾಣವಂತೆ. ನನಗೆ ಕೆಮ್ಮಿನ ಔಷಧಿಯನ್ನು ಬೆಲ್ಲದ ಬದಲು ಉಪ್ಪಿನಲ್ಲಿ ಕಾಯಿಸಿದ ಹಾಗಿತ್ತು.

ಸವಿತಾಳಿಗೆ ಕೊಟ್ಟ ಸಮಸ್ಯೆ: ಸರಕು ದಾರಿಯಲ್ಲಿ ಕೆಟ್ಟಿದೆ, ಕೊಳ್ಳುವವರು ಬೈಯುತ್ತಿದ್ದಾರೆ, ಸದಸ್ಯರು ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತಿದ್ದಾರೆ. ಅವಳು ಇಂಗ್ಲಿಷನ್ನು ನಮ್ಮ ಧಾಟಿಯಲ್ಲೇ ಹೊಡೆಯುತ್ತಾ ಸಭೆ ನಡೆಸಿದಳು. ಮೊದಲು ಎಲ್ಲರ ಬೈಗುಳವನ್ನೂ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಬೈದು ಮುಗೀತಾ? ಈಗ ಕೆಟ್ಟ ಸರಕಿಗೆ ಏನು ಮಾಡೋಣ?" ಅಂದಳು. ಇಷ್ಟೇ. ನಾನಾಗಿದ್ದರೆ ಮೊದಲನೆಯವನ ಮಾತಿಗೇ ಅಡ್ಡ ಬಂದು ಭಾಷಣ ಮಾಡಿರುತ್ತಿದ್ದೆ. ಅವಳು ನಡೆಸಿದ್ದನ್ನು ನೋಡಿ ಎದೆ ತುಂಬಿತು. ಬಾಯಲ್ಲಿ ಮಿಠಾಯಿ ಇಲ್ಲದಿದ್ದರೆ ಶಹಭಾಸ್ ಅಂತ ಕೂಗಿಬಿಡುತ್ತಿದ್ದೆ.

ಕೊನೆಯಲ್ಲಿ ಕಿರ್ಸ್ಟನ್ ಒಂದು ಮಾತು ಹೇಳಿದರು. ಜೊತೆಗೆ ಕೆಲಸ ಮಾಡುವವರು ಏನು ಹೇಳುತ್ತಾರೋ ಅದನ್ನು ಹೇಳಿದ ಹಾಗೆಯೇ ನಂಬಬೇಕು, ನಿಮ್ಮ ಆಸೆಗೆ ತಕ್ಕಂತೆ ಅರ್ಥ ಮಾಡಿಕೊಳ್ಳಬಾರದು ಅಂತ. ಆ ಮಾತು ನನಗೆ ನೇರವಾಗಿ ತಾಗಿತು. ಬೇಡ ಬೇಡ ಅನ್ನುವ ಸವಿತಾಳನ್ನು ವರ್ಷದಿಂದ ಗೋಳು ಹೊಯ್ದುಕೊಳ್ಳುತ್ತಿದ್ದೇನಲ್ಲ ಅಂತ ಸಂಕಟವಾಯಿತು.

ಕಡಲ ದಂಡೆ

ಸಂಜೆ ದಂಡೆಯಲ್ಲಿ ನಡೆಯಲು ಹೋದೆವು. ನಮ್ಮ ಕಡೆ ಕಾವೇರಿ ದಂಡೆಯ ಮುತ್ತತ್ತಿಗೆ ಹೋದವರು ಹೊಳೆ ಕಂಡ ಕೂಡಲೇ ಪಂಚೆ ಎತ್ತಿಕಟ್ಟಿ ಇಳಿಯುತ್ತಾರೆ, ಬಂಡೆ ಮೇಲೆ ಒಲೆ ಹೂಡುತ್ತಾರೆ, ಮಂಗಗಳ ಜೊತೆ ಜಗಳವಾಡುತ್ತಾರೆ. ಇಲ್ಲಿ ಅಷ್ಟು ದೊಡ್ಡ ನೀರಿನ ಪಕ್ಕ ಅಷ್ಟು ಕಡಿಮೆ ಸದ್ದು. ದೂರದಲ್ಲಿ ಇಬ್ಬರು ಮುದುಕಿಯರು ಆ ಕೊರೆಯುವ ನೀರಿಗೆ ಇಳಿದು, ಏನೂ ಆಗದವರಂತೆ ಎದ್ದು ಬಂದು, ಟವೆಲ್ ಸುತ್ತಿಕೊಂಡು ಹೋದರು.

"ಸವಿತಾ, ಇದೇ ಕೊನೇ ಸಲ ಕೇಳ್ತೀನಿ ಕಣಮ್ಮ. ನನ್ನ ಜಾಗ ವಹಿಸ್ಕೋತೀಯಾ?"

"ಅಯ್ಯೋ ಬ್ಯಾಡ ಬುಡಿ ಸಾ. ನನ್ ಕೈಲಿ ಎಲ್ಲಾದದು!"

"ಸರಿ. ನಿನ್ನ ಮಾತನ್ನ ನಂಬ್ತೀನಿ. ಇನ್ನು ಬಲವಂತ ಮಾಡಲ್ಲ" ಅಂದೆ. ಅಂದು ಅಲ್ಲೇ ಬೋರೇಗೌಡರಿಗೆ ಫೋನ್ ಮಾಡಿ, ಸವಿತಾ ಒಪ್ಪಲಿಲ್ಲ, ನೀವು ಬೆಂಗಳೂರಿನವರನ್ನು ಮಾತಾಡಿಸಬಹುದು ಅಂತ ಹೇಳಿಬಿಟ್ಟೆ. ಬೇಜಾರಿತ್ತು, ಆದರೂ ಏನೋ ಹೊಸದನ್ನು ಕಲಿತೆ ಅನ್ನುವ ಸಮಾಧಾನವೂ ಇತ್ತು. ಸವಿತಾ ಬಿರಬಿರನೆ ಮುಂದೆ ನಡೆದಳು. ಚಳಿಗೆ ಹಾಗೆ ನಡೆಯುತ್ತಿದ್ದಾಳೆ ಅಂದುಕೊಂಡೆ.

ಪಾತ್ರೆ ತೊಳೆದ ದಿನ

ಆ ಶಾಲೆಯಲ್ಲಿ ಉಂಡವರೇ ಸರದಿಯಲ್ಲಿ ಪಾತ್ರೆ ತೊಳೆಯಬೇಕು. ಮರುದಿನ ಮಧ್ಯಾಹ್ನ ನಮ್ಮ ಸರದಿ. ಕಿರ್ಸ್ಟನ್ ಒರೆಸುವ ಬಟ್ಟೆ ಹಿಡಿದು ನಿಂತಿದ್ದರು. ಸವಿತಾ ಬೆಳಗಿನ ತಿಂಡಿಗೆ ನನ್ನನ್ನು ಬಿಟ್ಟು ಮೇಜಿನ ಆ ತುದಿಗೆ ಹೋಗಿ ಕೂತಿದ್ದಳು. ತಪ್ಪಲೆಯನ್ನು ಅವಳು ಉಜ್ಜುತ್ತಿದ್ದ ರೀತಿ ನೋಡಿ ಅದರ ತಳ ಉಳಿದರೆ ಹೆಚ್ಚು ಅನ್ನಿಸಿತು.

"ಮೈ ಸರಿಯಿಲ್ವೇನಮ್ಮ?" ಅಂದೆ.

ತಪ್ಪಲೆ ದಡಾರನೆ ಇಟ್ಟಳು. "ಅಲ್ಲಾ ಸಾ, ಬ್ಯಾಡ ಅಂದ್ರೆ ಅಷ್ಟ್ಕೇ ಬುಟ್ಬುಡಾದಾ? ನಮ್ ಕಡೆ ಯಾರಾರ ಕೇಳ್ದೇಟ್ಗೇ ಊಂ ಅಂದಾರಾ? ಅದ್ರಲ್ಲೂ ಎಂಗ್ಸು! ನಾನು ಊಂ ಅಂದಿದ್ರೆ, 'ಇವ್ಳು ಇದ್ಕೇ ಕಾಯ್ಕಂಡ್ ಕುಂತಿದ್ಲು, ಮೇಷ್ಟ್ರ ಕುರ್ಚಿ ಮ್ಯಾಲೇ ಕಣ್ಣಿತ್ತು' ಅಂತ ಊರೆಲ್ಲ ಆಡ್ಕಳಾಕಿಲ್ವಾ? ನೀವು ಕೇಳ್ತಾ ಇರ್ತೀರಿ, ಗೌಡ್ರೂ ಕೇಳ್ತಾರೆ, ಎಲ್ರೂ ಸೇರಿ ಬಲ್ವಂತ ಮಾಡ್ತಾರೆ, ಆಮ್ಯಾಕೆ ಒಪ್ಕಂಡ್ರಾಯ್ತು ಅಂತ ನಾನಿದ್ರೆ, ಸಮುದ್ರದ್ ತಾವ ನಿಂತ್ಕಂಡು 'ಸರಿ ನಂಬ್ತೀನಿ' ಅಂತೀರಲ್ಲ! ನಂಬ್ಬುಟ್ರಂತೆ!"

ಅವಳ ಕಣ್ಣಲ್ಲಿ ನೀರು ಬಂದಿತ್ತು. ನಾನು ಸಾಬೂನು ನೊರೆಯ ಕೈಯಲ್ಲೇ ನಿಂತುಬಿಟ್ಟೆ. ನಮ್ಮ ಊರಿನ 'ಬೇಡ'ವನ್ನು ಅವರ ಊರಿನ ಕಿವಿಯಲ್ಲಿ ಕೇಳಿಸಿಕೊಂಡಿದ್ದೆ. ಇಂಥ ಎಡವಟ್ಟು ಮಂಡ್ಯದ ಮೇಷ್ಟ್ರೊಬ್ಬ ಡೆನ್ಮಾರ್ಕಿನಲ್ಲಿ ಮಾತ್ರ ಮಾಡಬಲ್ಲ.

ಕಿರ್ಸ್ಟನ್ ಏನಾಯಿತು ಅಂತ ಕೇಳಿದರು. ಹೇಳಿದೆ. ಅವರು ನಗಲಿಲ್ಲ. ಸವಿತಾಳ ಕಡೆ ತಿರುಗಿ, "ನಾನೂ ಸಂಘದ ಮುಖ್ಯಸ್ಥೆಯಾಗಬೇಕು ಅಂದಾಗ ನನ್ನ ಅತ್ತೆ ಒಂದು ತಿಂಗಳು ಮಾತಾಡಿಸಿರಲಿಲ್ಲ. ಆಡಿಕೊಳ್ಳುವವರು ಎಲ್ಲ ಕಡೆಯೂ ಇರುತ್ತಾರೆ. ನೀನು ಹೇಳು, ನಿನಗೆ ಆ ಕೆಲಸ ಬೇಕಾ?" ಅಂದರು.

ಸವಿತಾ ಅಭ್ಯಾಸಬಲದಿಂದ ಬಾಯಿ ತೆಗೆದಳು. ಮುಚ್ಚಿದಳು. ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. ಆಮೇಲೆ ಕನ್ನಡದಲ್ಲೇ, ಮೆಲ್ಲಗೆ, "ಬೇಕು" ಅಂದಳು. ಯಾರ ಮುಖವನ್ನೂ ನೋಡಲಿಲ್ಲ.

ಮಂಡಿ ನೋವನ್ನೂ ಮರೆತು ಓಡಿಹೋಗಿ ಬೋರೇಗೌಡರಿಗೆ ಫೋನ್ ಮಾಡಿದೆ. ಅವರು ನನ್ನನ್ನು ಚೆನ್ನಾಗಿ ಉಗಿದರು. "ಅವ್ಳು ಬ್ಯಾಡ ಅಂದ್ಲು ಅಂತ ನೀವು ನಂಬುದ್ರಾ? ಎಂಥಾ ಮೇಷ್ಟ್ರು ಕಣ್ರೀ ನೀವು! ಆ ಬೆಂಗ್ಳೂರೋನ್ಗೆ ಯೋಳ್ಬುಟ್ಟಿವ್ನಿ, ನೀವು ಬತ್ತಿದ್ದಂಗೇ ಅವ್ನೂ ಬತ್ತಾನೆ. ಡೈರೆಕ್ಟ್ರು ಅರ್ಧ ಜನ ಅವ್ನೇ ಆಗ್ಲಿ ಅಂತಾವ್ರೆ. ಈಗ ಅವ್ಳೇ ಬಂದು, ಮೀಟಿಂಗ್ನಲ್ಲಿ, ಎಲ್ರ ಮುಂದೆ ಯೋಳ್ಬೇಕು. ನಾನೇನೂ ಮಾಡಕಾಗಾಕಿಲ್ಲ."

ಉಳಿದ ದಿನಗಳಲ್ಲಿ ಎಷ್ಟು ಪಾಠ ತಲೆಗೆ ಹೋಯಿತೋ ದೇವರೇ ಬಲ್ಲ. ಎಲ್ಲರ ಮುಂದೆ 'ಬೇಕು' ಅನ್ನುವುದು ಅವಳಿಂದ ಆದೀತಾ ಅನ್ನುವುದೊಂದೇ ಚಿಂತೆ. ಅವಳು ಮಾತ್ರ ಊಟದ ಮೇಜಿನಲ್ಲಿ ಅಭ್ಯಾಸಕ್ಕೆ ಕೂತಳು. ಮೀನು ಬೇಕಾ ಅಂದರೆ ಬೇಕು. ಆಲೂಗಡ್ಡೆ ಬೇಕಾ, ಬೇಕು. ಕೇಕು ಬೇಕಾ, ಎರಡು ಬೇಕು. ಬರುವ ಹೊತ್ತಿಗೆ ಅವಳ ಸ್ವೆಟರು ಬಿಗಿಯಾಗಿತ್ತು.

ಮದ್ದೂರು

ಬಂದಿಳಿದ ಮೂರನೇ ದಿನಕ್ಕೇ ಮೀಟಿಂಗು. ಕಂಪನಿಯ ಶೆಡ್ಡಿನ ಪಕ್ಕದ ಕೋಣೆ. ಹೊರಗೆ ಎಳನೀರು ತುಂಬುತ್ತಿದ್ದ ಲಾರಿಯ ಸದ್ದು. ಆ ಸದ್ದು ಕೇಳಿ ನನಗೆಷ್ಟು ಹಾಯೆನಿಸಿತು ಅಂದರೆ, ಹೋದ ದೇಶದ ಶಾಂತಿಯೆಲ್ಲ ಒಂದು ಗಳಿಗೆಗೆ ಮರೆತುಹೋಯಿತು. ಬೆಂಗಳೂರಿನವರು ಮಧ್ಯಾಹ್ನ ಬರುವುದಿತ್ತು. ಒಳ್ಳೆಯವರೇ ಇರಬಹುದು, ಅವರ ಮೇಲೆ ನನಗೇನೂ ಕೋಪವಿಲ್ಲ.

ಬೋರೇಗೌಡರು ಗಂಟಲು ಸರಿಮಾಡಿಕೊಂಡು ಎದ್ದು ನಿಂತರು. ಅವರ ಮುಖ ನೋಡಿದರೇ ತಿಳಿಯುತ್ತಿತ್ತು, ಒಂದು ಗಂಟೆಯ ಬಲವಂತಕ್ಕೆ ತಯಾರಾಗಿ ಬಂದಿದ್ದರು.

"ನೋಡವ್ವ ಸವಿತಾ, ಮೇಷ್ಟ್ರು ಬುಡ್ತಾವ್ರೆ. ಅವ್ರ್ ಜಾಗಕ್ಕೆ ನೀನ್ ಬರ್ಬೇಕು ಅಂತ ನಮ್ಗೂ ಅದೆ. ಏನಂತೀಯವ್ವ?"

"ಬತ್ತೀನಿ ಕಣ್ ಗೌಡ್ರೆ. ನಂಗೆ ಆ ಕೆಲ್ಸ ಬೇಕು" ಅಂದಳು ಸವಿತಾ. ಬರೆದು ತಂದಿದ್ದ ಹಾಳೆ ಬಿಡಿಸಿದಳು. "ಏನೇನ್ ಮಾಡ್ಬೇಕು ಅಂತ ಯೋಚ್ನೆ ಮಾಡ್ಕಂಡೇ ಬಂದಿವ್ನಿ. ಯೋಳ್ಲಾ?"

ನಿರ್ದೇಶಕರು ಒಬ್ಬರ ಮುಖ ಒಬ್ಬರು ನೋಡಿದರು. ಪಾಪ ಬೋರೇಗೌಡರಿಗೆ ತಯಾರಿ ಮಾಡಿಕೊಂಡು ಬಂದದ್ದನ್ನು ಬಿಡಲು ಮನಸ್ಸಿಲ್ಲ. "ಹಂಗನ್ಬ್ಯಾಡ ಕಣವ್ವ, ನಮ್ ಮಾತ್ಗೆ ಬೆಲೆ ಕೊಡು, ರೈತ್ರ ಮಕ ನೋಡು..." ಅಂತ ಬಲವಂತ ಶುರುಮಾಡಿಯೇಬಿಟ್ಟರು.

"ಗೌಡ್ರೆ, ನಾನು ಊಂ ಅಂದೆ."

"ಅಂದ್ಯಾ?"

"ಅಂದೆ."

ಗೌಡರು ಕೂತರು. ಸವಿತಾ ತಾನು ಮಾಡಬೇಕೆಂದುಕೊಂಡದ್ದನ್ನೆಲ್ಲ ಒಂದೊಂದಾಗಿ ಹೇಳಿದಳು, ಬೆಂಗಳೂರಿನವನೇ ಆಗಲಿ ಅಂದಿದ್ದವರೂ ಕೇಳಿ ತಲೆಯಾಡಿಸಿದರು. ಮೂಲೆಯಲ್ಲಿದ್ದವರೊಬ್ಬರು ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಬೆಂಗಳೂರಿನವರಿಗೆ ಬರುವ ತೊಂದರೆ ಬೇಡ ಅಂತ ಅಲ್ಲಿಂದಲೇ ಫೋನ್ ಹೋಯಿತು. ನಾನು ಎದ್ದು ನನ್ನ ಕುರ್ಚಿಯನ್ನು ಅವಳಿಗೆ ಬಿಟ್ಟುಕೊಟ್ಟೆ. ಕಣ್ಣು ಒದ್ದೆಯಾಯಿತು, ಒರೆಸಿಕೊಂಡೆ.

ಸವಿತಾ ಕೂತಳು. ಸೆರಗು ಸರಿಮಾಡಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, "ಸಾ, ನೀವು ಸಲಹೆಗಾರ್ರಾಗಿ ವಾರಕ್ಕೊಂದ್ ದಪ ಬಂದು ಓಯ್ತಾ ಇರಿ. ಆಯ್ತಾ?" ಅಂದಳು.

ನನಗೆ ಆಸೆಯಿತ್ತು. ಸುಳ್ಳು ಹೇಳುವುದಿಲ್ಲ, ವಿಮಾನದಲ್ಲೇ ಆ ಆಸೆ ಬಂದಿತ್ತು. ಆದರೂ ಎಲ್ಲರೂ ನೋಡುತ್ತಿದ್ದರಲ್ಲ, ಕೈಯಾಡಿಸಿ ಅಂದೆ, "ಅಯ್ಯೋ, ಬೇಡ ಬಿಡಮ್ಮ. ನನಗ್ಯಾಕೆ ಈ ವಯಸ್ಸಲ್ಲಿ!"

"ಸರಿ ಸಾ" ಅಂದು ಅವಳು ಮುಂದಿನ ವಿಷಯಕ್ಕೆ ಹೋದಳು.